ಉಂಡವರ ಕಿವಿ

ಬಿಸಿ ಗಂಜಿಯ ವಾಸನೆ ಬಂದರೆ ನನಗೆ ಈಗಲೂ ಅವ್ವ ನೆನಪಾಗುತ್ತಾಳೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅವ್ವ ಅನ್ನ ಬಸಿದು, ಗಂಜಿಗೆ ಉಪ್ಪು ಹಾಕಿ, ಮೇಲಿಷ್ಟು ಮಜ್ಜಿಗೆ ಬಿಟ್ಟು ಬಟ್ಟಲಲ್ಲಿ ಕೊಡುತ್ತಿದ್ದಳು. ಜ್ವರ ಬಂದಾಗಲೂ ಅದೇ, ಪರೀಕ್ಷೆಯ ದಿನವೂ ಅದೇ.

ವಿರೂಪಾಕ್ಷಮ್ಮನಿಗೆ ಆ ವಾಸನೆ ಬಂದರೆ ಎಡಗಾಲು ಉರಿಯುತ್ತದೆ.

ಅವಳು ಮರಳಿ ಎಂಬ ಊರಿನ ಹತ್ತಿರದ ಸರ್ಕಾರಿ ಹಾಸ್ಟೆಲಿನ ಅಡುಗೆಯವಳು. ಅಲ್ಲಿ ಅನ್ನ ಬಸಿಯುವುದೆಂದರೆ ಇಬ್ಬರು ಹಂಡೆಯ ಎರಡು ಕಡೆ ನಿಂತು, ಒಬ್ಬರ ಉಸಿರಿಗೆ ಇನ್ನೊಬ್ಬರು ಉಸಿರು ಕೂಡಿಸಿ ಮಾಡುವ ಕೆಲಸ. ಜೊತೆಯವಳು ಬಾಣಂತನಕ್ಕೆ ಹೋದಾಗ ಬದಲಿ ಜನ ಬರಲಿಲ್ಲ. ಹುಡುಗರು ತಾಟು ಹಿಡಿದು ಕೂತಿದ್ದರು. ಇವಳು ಒಬ್ಬಳೇ ಹಂಡೆ ಬಾಗಿಸಿದಳು. ಅದು ಹೊರಳಿತು. ಕುದಿಯುವ ಗಂಜಿ ಮೊಣಕಾಲಿನಿಂದ ಬೆರಳಿನ ತುದಿಯವರೆಗೆ ಇಳಿಯಿತು.

ಆಸ್ಪತ್ರೆಯಲ್ಲಿ ಕೇಳಿದರು, "ಯಾರ ಕಡೆ ಕೆಲಸ ಮಾಡ್ತೀಯವ್ವಾ?"

"ಸರಕಾರದ ಕಡೆರಿ."

ಇಲಾಖೆಗೆ ಫೋನು ಹೋಯಿತು. "ಆಕಿ ನಮ್ಮಾಕಿ ಅಲ್ಲ, ಏಜೆನ್ಸಿಯಾಕಿ" ಎಂದರು. ಏಜೆನ್ಸಿಯವನಿಗೆ ಹೋಯಿತು. "ನಾವು ಬರೂಕಿಂತ ಮೊದಲಿಂದ ಅಲ್ಲೇ ಅದಾಳ್ರಿ, ಇಲಾಖೆಯವರನ್ನ ಕೇಳ್ರಿ" ಎಂದ. ಅವಳ ಕಿವಿಯ ಬೆಂಡೋಲೆ ಗಿರವಿಗೆ ಹೋಗಿ ಕಾಲು ವಾಸಿಯಾಯಿತು. ಬೆಂಡೋಲೆ ತಿರುಗಿ ಬರಲಿಲ್ಲ. ಈಗ ಕಿವಿಯಲ್ಲಿ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿರುತ್ತಾಳೆ.

ಏಜೆನ್ಸಿಯವನು ಹೇಳಿದ್ದರಲ್ಲಿ ಒಂದು ಮಾತು ನಿಜವಿತ್ತು. ಅವಳನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಇಲಾಖೆಯೇ, ದಿನಗೂಲಿಗೆ. ಎಷ್ಟೋ ವರ್ಷ ಹಾಗೇ ನಡೆಯಿತು. ಆಮೇಲೊಂದು ಸಲ ಎಲ್ಲ ಅಡುಗೆಯವರನ್ನೂ ಏಜೆನ್ಸಿಗೆ ಒಪ್ಪಿಸಿದರು. ಒಲೆ ಅದೇ, ಹಂಡೆ ಅದೇ, ಬೈಯುವ ವಾರ್ಡನ್ನೂ ಅವನೇ. ಆದರೆ ಆ ದಿನದಿಂದ ಅವಳು ಸರ್ಕಾರಕ್ಕೆ ಯಾರೂ ಅಲ್ಲ. ಈ ತಿಂಗಳ ಕೊನೆಗೆ ಅವಳಿಗೆ ಅರವತ್ತು ತುಂಬುತ್ತದೆ. ಕೈಯಲ್ಲೊಂದು ತೆಂಗಿನಕಾಯಿ ಇಟ್ಟು ಮನೆಗೆ ಕಳಿಸುತ್ತಾರೆ. ಏಜೆನ್ಸಿ ಬರುವ ಮೊದಲು ಈಕೆ ನಮ್ಮ ಕೆಲಸದವಳಾಗಿದ್ದಳು ಎಂದು ಸರ್ಕಾರ ಒಪ್ಪಿಕೊಂಡರೆ ಮಾತ್ರ ಪಿಂಚಣಿ, ಆಸ್ಪತ್ರೆಯ ಖರ್ಚು. ಅವಳಿಗೆ ಬೇಕಾಗಿದ್ದದ್ದು ಆ ಒಂದು ಮಾತು.

ಮಾತು ಕೇಳುವವರು ಬರುತ್ತಾರೆಂದು ಪೇಪರಿನಲ್ಲಿ ಓದಿದವಳು ನಾನೇ. ಸರ್ಕಾರಿ ನೌಕರರ ಪಿಂಚಣಿ, ಆರೋಗ್ಯ, ಕೆಲಸದ ಸ್ಥಿತಿ ನೋಡಲು ಶಾಸಕರ ಸಮಿತಿಯೊಂದು ಗಂಗಾವತಿಗೆ ಬರುವುದಿತ್ತು. ಹೊರಗುತ್ತಿಗೆಯವರೂ ಬಂದು ಹೇಳಬಹುದು ಎಂದಿತ್ತು. ನಾನು ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತಳಾದವಳು. ಹಾಸ್ಟೆಲಿನ ಪಕ್ಕದ ಮನೆ. ಅವಳು ಹೇಳಿದಳು, ನಾನು ಅರ್ಜಿ ಬರೆದೆ. ಇರಕಲ್ಲಗಡದ ಹಾಸ್ಟೆಲಿನ ಶಾಂತಕ್ಕ, ಕುಷ್ಟಗಿಯ ಯಂಕವ್ವ, ಹೀಗೆ ಇನ್ನೂ ಕೆಲವರು ಹೆಬ್ಬೆಟ್ಟು ಒತ್ತಿದರು.

ಸಮಿತಿ ಬರುವ ಹಿಂದಿನ ದಿನ ಸಂಜೆ ಎಲ್ಲರೂ ವಿರೂಪಾಕ್ಷಮ್ಮನ ಮನೆಯಲ್ಲಿ ಸೇರಿದ್ದಾಗ ಗಾಳೇಶ ಬಂದ. ಅವನು ಈಗ ಹಾಸ್ಟೆಲು ನಡೆಸುವ ಇಲಾಖೆಯ ತಾಲ್ಲೂಕು ಅಧಿಕಾರಿ. ಆದರೆ ಅದೇ ಹಾಸ್ಟೆಲಿನಲ್ಲಿ ಉಂಡು ಬೆಳೆದವನು. ಎಮ್ಮೆ ಕಾಯ್ದು ತಡವಾಗಿ ಊಟಕ್ಕೆ ಬರುತ್ತಿದ್ದ ಹುಡುಗ. ವಿರೂಪಾಕ್ಷಮ್ಮ ಅವನ ತಾಟನ್ನು ಬಿಸಿ ಬೂದಿಯ ಮೇಲೆ ಮುಚ್ಚಿಡುತ್ತಿದ್ದಳು. ಅದನ್ನು ನಾನು ನನ್ನ ಅಡುಗೆಮನೆಯ ಕಿಟಕಿಯಿಂದ ನೋಡಿದ್ದೇನೆ.

"ಯವ್ವಾ," ಎಂದ, "ನಾಳಿ ಸಮಿತಿಯವರಿಗಿ ಊಟ ನಿನ್ನ ಕೈಯಾಗಿಂದ ಆಗಬೇಕು. ಸಭಾಭವನದ ಹಿಂದ ಒಲಿ ಹಾಕಸ್ತೀನಿ. ಇವರನ್ನೂ ಕರಕೊಂಡು ಬಾ."

"ಮತ್ತ ನಮ್ಮ ಅರ್ಜಿ, ತಮ್ಮಾ?"

"ಅರ್ಜಿ ಎಲ್ಲಿ ಓಡಿ ಹೋಗ್ತೈತಿ? ವಿಚಾರಣಿಯಾಗ ಕಿರಿಚಿ ಕಿರಿಚಿ ಮಾತಾಡ್ತಾರ. ಅಲ್ಲಿ ನಿನ್ನ ದನಿ ಯಾರಿಗಿ ಕೇಳತೈತಿ? ಉಂಡು ಎದ್ದ ಮ್ಯಾಲೆ ಅಧ್ಯಕ್ಷರು ನಿನ್ನ ಕರೀತಾರ. ನಾನೇ ಮುಂದ ನಿಂದರಸ್ತೀನಿ. ನಿನ್ನ ಅನ್ನದ ಆಣಿ."

ಶಾಂತಕ್ಕನ ಬಾಯಿ ಸುಮ್ಮನಿರುವುದಲ್ಲ. "ಸಾಹೇಬ್ರ, ಊರಾಗ ಅಡಿಗಿ ಭಟ್ಟರೆಲ್ಲ ಸತ್ತಾರೇನ್ರಿ?"

"ಸತ್ತಿಲ್ಲ ಶಾಂತಕ್ಕ. ಆದ್ರ ಅವರಿಗಿ ಎಣ್ಣಿಗಾಯಿ ಮಾಡಾಕ ಬರೂದಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ವಿರೂಪಾಕ್ಷಮ್ಮ ಮಾತ್ರ ನಗದೆ ತಲೆ ಅಲ್ಲಾಡಿಸಿದಳು. ಅವಳಿಗೆ ಅದು ಸರಿ ಎನಿಸಿತ್ತು.

ಯಾಕೆಂದರೆ ನಮ್ಮ ಕಡೆ ಮದುವೆಮನೆಯಲ್ಲಿ ಕೊನೆಯ ಪಂಕ್ತಿ ಎದ್ದ ಮೇಲೆ ಮನೆಯ ಹಿರಿಯರು ಅಡುಗೆ ಮಾಡಿದವಳನ್ನು ಮುಂದೆ ಕರೆಯುತ್ತಾರೆ. ಉಡಿ ತುಂಬುತ್ತಾರೆ. "ಏನರ ಕೊರತಿ ಐತೇನವ್ವಾ?" ಎಂದು ಕೇಳುತ್ತಾರೆ. ಆ ಹೊತ್ತಿನಲ್ಲಿ ಅವಳು ಕೇಳಿದ್ದಕ್ಕೆ ಇಲ್ಲ ಎನ್ನಬಾರದು. ಒಮ್ಮೆ ಯಲಬುರ್ಗಾ ಕಡೆಯ ದೊಡ್ಡ ಮನೆಯೊಂದಕ್ಕೆ ಮದುವೆ ಅಡುಗೆಗೆ ಹೋಗಿದ್ದ ವಿರೂಪಾಕ್ಷಮ್ಮ, "ನಿಮ್ಮ ಹಿರೇ ಸೊಸಿ ಮೂಲ್ಯಾಗ ಕುಂತು ಅಳಾಕತ್ಯಾಳ್ರಿ. ನಾಕು ದಿನ ತವರಿಗಿ ಕಳಸ್ರಿ" ಎಂದಿದ್ದಳು. ಕಳಿಸಿದರು. ಅವಳು ತನಗಾಗಿ ಎಂದೂ ಏನೂ ಕೇಳಿರಲಿಲ್ಲ.

ಮರುದಿನ ಶಬ್ಬೀರಸಾಬನ ಆಟೋದಲ್ಲಿ ಹೋದೆ. ನನ್ನ ಮೊಣಕಾಲು ನೋವು ಅವನಿಗೆ ಗೊತ್ತು. ಸಭಾಭವನದ ಮೆಟ್ಟಿಲು ಮುಗಿಯುವವರೆಗೂ ಕೈ ಹಿಡಿದು ನಡೆಸಿ, "ಅಕ್ಕಾರ, ಆರಾಮ ಕುಂದರ್ರಿ, ಕರಕೊಂಡು ಹೋಗಾಕ ಬರ್ತೀನಿ" ಎಂದು ಹೋದ.

ಒಳಗೆ ಗುಮಾಸ್ತರು, ಶಿಕ್ಷಕರು, ಆರೋಗ್ಯ ಇಲಾಖೆಯವರು ತುಂಬಿದ್ದರು. ಹಳೆಯ ಪಿಂಚಣಿ ಮತ್ತೆ ಕೊಡಿ ಎಂದರು. ಆಸ್ಪತ್ರೆಯ ಬಿಲ್ಲು ಮಂಜೂರಾಗುವುದಿಲ್ಲ ಎಂದರು. ಅಧ್ಯಕ್ಷರು ಸಮಾಧಾನದಿಂದ ಕೇಳಿದರು, ಬರೆಸಿದರು. ಒಳ್ಳೆಯ ಮನುಷ್ಯನಂತೆ ಕಂಡರು. ಕೊನೆಗೆ ಅವರೇ ಕೇಳಿದರು, "ಹೊರಗುತ್ತಿಗೆ ನೌಕರರು ಯಾರಾದರೂ ಬಂದಿದ್ದಾರಾ?"

ನನ್ನ ಎದೆ ಹಗುರಾಯಿತು. ಗಾಳೇಶ ಎರಡನೆಯ ಸಾಲಿನಲ್ಲಿ ಇದ್ದ. ಎದ್ದು ನಿಂತ. ಈಗ ಹೇಳುತ್ತಾನೆ ಎಂದುಕೊಂಡೆ.

"ಯಾರೂ ಬಂದಿಲ್ಲ ಸರ್."

ನನಗೆ ತಪ್ಪಾಗಿ ಕೇಳಿಸಿತೇನೋ ಎನಿಸಿತು. ಆದರೆ ಬರೆಯುವವನ ಪೆನ್ನು ಆಗಲೇ ಓಡುತ್ತಿತ್ತು. ನಾನು ಎದ್ದೆ.

"ಸರ್, ಅವರು ಬಂದಾರ. ಹಿಂದ ಅದಾರ. ನಿಮ್ಮ ಅಡಿಗಿನೇ ಮಾಡಾಕತ್ಯಾರ."

"ತಾವು ಯಾರಮ್ಮ? ಹೊರಗುತ್ತಿಗೆಯವರಾ?"

"ಅಲ್ರಿ. ನಿವೃತ್ತ ಶಿಕ್ಷಕಿ."

"ನಿಮಗೆ ಪಿಂಚಣಿ ಬರ್ತಾ ಇದೆಯಾ?"

"ಬರ್ತೈತ್ರಿ."

"ಮತ್ತೆ ಸಂತೋಷವಾಗಿರಿ," ಎಂದರು. ಸಭೆ ನಕ್ಕಿತು. ಅವರು ವ್ಯಂಗ್ಯಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಹಾರೈಸಿದ್ದು. "ಸಂಬಂಧಪಟ್ಟವರೇ ಬಂದು ಹೇಳಬೇಕಮ್ಮ. ನಿಯಮ ಹಾಗಿದೆ. ಕರೆಸಿ, ಕಾಯ್ತೀವಿ."

ಗೋಡೆ ಹಿಡಿದುಕೊಂಡು ಹಿಂದಿನ ಅಂಗಳಕ್ಕೆ ಹೋದೆ. ಹೊಗೆಯಲ್ಲಿ ವಿರೂಪಾಕ್ಷಮ್ಮ ಮತ್ತು ಯಂಕವ್ವ ಹಂಡೆಯ ಎರಡು ಕಡೆ ನಿಂತಿದ್ದರು.

"ವಿರೂಪಾಕ್ಷಮ್ಮಾ, ಒಳಗ ಕರಿಯಾಕತ್ಯಾರ. ಈಗಿಂದೀಗ ಬಾ."

"ಅನ್ನ ಬಸಿಯೂ ಹೊತ್ತು ಐತ್ರಿ ಅಕ್ಕಾರ. ಬಿಟ್ಟರ ಮುದ್ದಿ ಆಗತೈತಿ."

"ಆಗಲಿ ಬಿಡು! ಗಾಳೇಶ ಯಾರೂ ಬಂದಿಲ್ಲ ಅಂತ ಹೇಳ್ಯಾನ."

ಅವಳು ನನ್ನ ಮುಖ ನೋಡಿದಳು. ಸಣ್ಣ ಮಗುವಿಗೆ ತಿಳಿಸಿ ಹೇಳುವ ಹಾಗೆ ಹೇಳಿದಳು, "ಆಂವ ಉಂಡ ಮ್ಯಾಲೆ ಅಂದಾನಲ್ರಿ. ಅದಕ್ಕ ಹಂಗ ಹೇಳಿರತಾನ. ಹಸದವರ ಮುಂದ ನಮ್ಮ ಹಸಿವು ಹೇಳಬಾರದ್ರಿ. ಉಂಡವರ ಕಿವಿ ಛಲೋ ಕೇಳತಾವ."

"ನಾನರ ಹೋಗಿ ಬರ್ಲೇನು?" ಎಂದಳು ಶಾಂತಕ್ಕ, ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟು.

"ಹೋಳಿಗಿ ಹಂಚಿನ ಮ್ಯಾಲೆ ಐತಿ, ಎಲ್ಲಿ ಹೋಗ್ತಿ? ಒಂದು ತಾಸು ತಡಿ ನಮ್ಮವ್ವಾ."

ನಾನು ತಿರುಗಿ ಹೋಗುವಷ್ಟರಲ್ಲಿ ಕುರ್ಚಿಗಳು ಸರಿಯುತ್ತಿದ್ದವು. ಸ್ವಲ್ಪ ಹೊತ್ತು ಕಾದು ವಿಚಾರಣೆ ಮುಗಿಸಿದ್ದರು.

ಊಟ ಚೆನ್ನಾಗಿ ನಡೆಯಿತು. ಸದಸ್ಯರು ಉಂಡರು, ಅಧಿಕಾರಿಗಳು ಉಂಡರು, ಅವರ ಹಿಂದೆ ಬಂದವರು, ಅವರ ಹಿಂದಿನವರೂ ಉಂಡರು. ಎಣ್ಣೆಗಾಯಿಯನ್ನು ಅಧ್ಯಕ್ಷರು ಎರಡು ಸಲ ಹಾಕಿಸಿಕೊಂಡರು. ಕೈ ತೊಳೆದು ಬಂದು ಅವರು ಹೇಳಿದ ಮಾತು ಕಿಟಕಿಯಾಚೆ ನಿಂತಿದ್ದ ಎಲ್ಲ ಹೆಂಗಸರಿಗೂ ಕೇಳಿಸಿತು.

"ಅಡುಗೆ ಮಾಡಿದವರನ್ನು ಕರೀರಪ್ಪ."

ವಿರೂಪಾಕ್ಷಮ್ಮ ನನ್ನತ್ತ ನೋಡಿದಳು. ನಾ ಹೇಳಲಿಲ್ಲವೇ ಎನ್ನುವ ನೋಟ. ಸೆರಗಿನಿಂದ ಮುಖ ಒರೆಸಿಕೊಂಡಳು. ಅರ್ಜಿಯನ್ನು ಎರಡು ಕೈಯಲ್ಲಿ ಹಿಡಿದು ಕುಂಟುತ್ತ ಒಳಗೆ ಹೋದಳು. ನಾನೂ ಬಾಗಿಲವರೆಗೆ ಹೋದೆ.

ಅಧ್ಯಕ್ಷರು ಬೆಳಿಗ್ಗೆ ತಮಗೆ ಹೊದಿಸಿದ್ದ ಶಾಲನ್ನೇ ತೆಗೆದು ಅವಳ ಹೆಗಲಿಗೆ ಹಾಕಿದರು. ಯಾರೋ ಅವಳನ್ನು ಫೋಟೋಕ್ಕೆ ತಿರುಗಿಸಿ ನಿಲ್ಲಿಸಿದರು. "ಇಂಥ ರುಚಿ ತಿಂದು ಬಹಳ ದಿನ ಆಗಿತ್ತಮ್ಮ."

ಅವಳು ಕಾದಳು. ಕೊರತೆ ಇದೆಯೇ ಎಂದು ಕೇಳಬೇಕಲ್ಲ. ಅವರು ಕೇಳಲಿಲ್ಲ. ಕೊನೆಗೆ ತಾನೇ ಬಾಯಿ ಬಿಟ್ಟಳು.

"ಸಾಹೇಬ್ರ, ನಾ ಸರಕಾರದಾಕಿ ಅಂತ ಒಂದು ಮಾತು..."

ಅರ್ಜಿಯ ಮೇಲಿನ ಸಾಲು ಓದಿ ಅವರ ಮುಖ ಬದಲಾಯಿತು. "ಅಯ್ಯೋ, ಆ ಟೀಚರಮ್ಮ ಹೇಳಿದ ಹೊರಗುತ್ತಿಗೆಯವರು ನೀವೇನಾ? ಅಲ್ಲಿ ಕೂಗಿ ಕರೆದೆವಲ್ಲಮ್ಮ, ಯಾಕೆ ಬರಲಿಲ್ಲ? ಈ ಜಿಲ್ಲೆಯಲ್ಲಿ ಹೊರಗುತ್ತಿಗೆಯವರ ದೂರು ಇಲ್ಲ ಅಂತ ಬರೆದು ಸಹಿ ಆಗಿಹೋಯ್ತು. ಇನ್ನು ಮುಂದಿನ ಸಲ ಬಂದಾಗಲೇ."

"ಮುಂದಿನ ಸಲ ಯಾವಾಗ್ರಿ?"

ಅಧ್ಯಕ್ಷರು ಅರ್ಜಿಯನ್ನು ಅವಳ ಕೈಗೆ ತಿರುಗಿ ಕೊಟ್ಟು ಹೊರಗೆ ನಡೆದರು. ಕಾರುಗಳು ಶುರುವಾಗಿದ್ದವು. ಗಾಳೇಶ ಅವರಿಗೆ ಬಾಗಿಲು ತೆಗೆದು ಹಿಡಿದಿದ್ದ. ಅವಳನ್ನು ಮುಂದೆ ನಿಲ್ಲಿಸುತ್ತೇನೆಂದವನು ಅವಳ ಕಡೆ ಬೆನ್ನು ಮಾಡಿದ್ದ.

ಹಿಂದಿನ ಅಂಗಳಕ್ಕೆ ಬಂದೆವು. ಒಲೆಯ ಮೇಲೆ ಸಾರಿನ ದೊಡ್ಡ ಪಾತ್ರೆ ಖಾಲಿಯಾಗಿ ಸೀಯುತ್ತಿತ್ತು. ವಿರೂಪಾಕ್ಷಮ್ಮ ಹೆಗಲ ಮೇಲಿನ ಶಾಲು ತೆಗೆದಳು. ಜರಿಯ ಅಂಚನ್ನು ಒಳಗೆ ಮಡಿಸಿ, ಅದರಿಂದ ಪಾತ್ರೆಯ ಕಂಠ ಹಿಡಿದು ಕೆಳಗಿಳಿಸಿದಳು. ಶಾಲಿಗೆ ಮಸಿ ಹತ್ತಿತು.

"ಪಾತ್ರಿ ಇಳಸಾಕ ಮಸಿಅರಿವಿ ಛಲೋ ಆತು," ಎಂದಳು ಶಾಂತಕ್ಕ. ಆಮೇಲೆ ಅವಳೇ ಅತ್ತಳು.

"ಅಳಬ್ಯಾಡ," ಎಂದಳು ವಿರೂಪಾಕ್ಷಮ್ಮ. "ಎಡವಿದ್ದು ನಾನು. ಮದುವಿಮನಿ ಅಂತ ತಿಳಕೊಂಡೆ."

"ಮುಂದೇನು ಮಾಡೂದು?" ಯಂಕವ್ವ ಕೇಳಿದಳು.

"ನಾಳಿ ಕೊಪ್ಪಳಕ್ಕ ಹೋಗೂದು. ದೊಡ್ಡ ಆಫೀಸಿನ ಮುಂದ ಕುಂದರೂದು. ನಿಮ್ಮ ಕಡೆ ಹಾಸ್ಟೆಲಿನವರಿಗೆಲ್ಲ ಫೋನ್ ಹಚ್ಚಿ ಹೇಳು."

"ಹುಡುಗರ ಊಟ?"

"ಅದನ್ನ ನಸಿಕಿನ್ಯಾಗ ಎದ್ದು ಮಾಡಿಟ್ಟು ಹೋಗೂದು. ಹುಡುಗರೇನು ಮಾಡ್ಯಾರ ಪಾಪ. ಸಾಹೇಬರ ಅಡಿಗಿ ಮಾತ್ರ ಇನ್ನ ಮಾಡೂದಿಲ್ಲ." ನನ್ನ ಕಡೆ ತಿರುಗಿದಳು. "ಅಕ್ಕಾರ, ಅರ್ಜಿ ಬ್ಯಾಡ್ರಿ. ಈ ಸಲ ಬಾಯಿಲೇ ಹೇಳ್ತೀವಿ."

"ನಾನೂ ಬರ್ತೀನಿ," ಎಂದೆ.

"ಬರ್ರಿ. ಚಾಪಿ ತರ್ತೀನಿ, ನಿಮಗ ನೆಲ ಚುಚ್ಚತೈತಿ." ಅಂಥ ಹೊತ್ತಿನಲ್ಲೂ ಅವಳಿಗೆ ನನ್ನ ಮೊಣಕಾಲು ನೆನಪಿತ್ತು.

ಹೆಂಗಸರು ಪಾತ್ರೆ ತಿಕ್ಕಲು ಕುಳಿತಾಗ ಗಾಳೇಶ ಬಂದ. ಕಾಲರು ಬೆವರಿನಿಂದ ಒದ್ದೆಯಾಗಿತ್ತು. ಬಂದವನು ಕಂಬ ಹಿಡಿದು ನಿಂತ.

"ಯವ್ವಾ... ಏಜೆನ್ಸಿ ಯಾರ ಮಂದಿದು ಅಂತ ನಿನಗ ಗೊತ್ತಿಲ್ಲೇನು? ಮ್ಯಾಲಿನವರು ಹೇಳಿದ್ರು. ಅಡಿಗಿಯವರು ಒಳಗ ಬರಬಾರದು, ಬಂದ್ರ ನಿನ್ನ ಕುರ್ಚಿ ಇರೂದಿಲ್ಲ ಅಂದ್ರು. ನನ್ನ ಕೈಯಾಗ ಏನಿತ್ತು?"

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಅಂದ್ರ ಎಣ್ಣಿಗಾಯಿ ಸಲುವಾಗಿ ಕರೀಲಿಲ್ಲ ನೀ ನನ್ನ."

ಅವನು ನೆಲ ನೋಡಿದ.

"ಬರಬ್ಯಾಡ ಯವ್ವಾ ಅಂತ ನೆಟ್ಟಗ ಹೇಳಿದ್ರ ನಾ ಜಗಳ ಮಾಡಿಯರ ಒಳಗ ಬರ್ತಿದ್ದೆ. ಅದಕ್ಕ ನೀ ಅನ್ನದ ಆಣಿ ಮಾಡಿದಿ. ನನ್ನ ನೀ ಭಾಳ ಛಲೋ ತಿಳಕೊಂಡೀ ತಮ್ಮಾ."

ಅವನು ಕತ್ತಿನ ಬೆವರು ಒರೆಸಿಕೊಂಡ. ಮುಖ ಬಿಳಿಚಿತ್ತು. ಬೆಳಗಿನಿಂದ ಓಡಾಡಿದವನು ಉಂಡಿರಲಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಅವನ ಕಣ್ಣು ಒಮ್ಮೆ ಪಾತ್ರೆಗಳ ಕಡೆ ಹೋಗಿ ಬಂತು. ಎಲ್ಲವೂ ಬೋರಲು ಬಿದ್ದಿದ್ದವು.

"ಏನೂ ಉಳಿದಿಲ್ರಿ ಸಾಹೇಬ್ರ," ಎಂದಳು ಶಾಂತಕ್ಕ. "ನಿಮ್ಮ ಮಂದಿ ಗೋಡಿ ಒಂದು ಬಿಟ್ಟಾರ."

"ನಾಳಿ ಕೊಪ್ಪಳದಾಗ ಕೇಳಿದ್ರ," ಎಂದಳು ವಿರೂಪಾಕ್ಷಮ್ಮ, "ಒಳಗ ಬರದಂಗ ಯಾರು ಮಾಡಿದ್ರು ಅಂತ ಕೇಳಿದ್ರ, ನಾ ನಿನ್ನ ಹೆಸರು ಹೇಳ್ತೀನಿ. ಎಲ್ಲರ ಮುಂದ. ಈಗ ನಿನ್ನ ಮುಂದನೂ ಹೇಳೀನಿ."

"ಹೇಳು," ಎಂದ ಅವನು.

ಅವಳು ಕೈ ತೊಳೆದಳು. ಹುಡುಗರ ಪಾಲಿನ ಅನ್ನವನ್ನು ಅವಳು ಎಂದೂ ಉಂಡವಳಲ್ಲ. ಎಲ್ಲಿಗೆ ಹೋದರೂ ಮನೆಯಿಂದ ಬುತ್ತಿ ತರುತ್ತಾಳೆ. ಗೂಟಕ್ಕೆ ತೂಗುಹಾಕಿದ್ದ ಗಂಟನ್ನು ಇಳಿಸಿ ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಒಡೆದಳು. ಪಲ್ಯವನ್ನು ರೊಟ್ಟಿಯ ಮೇಲೆ ಹರವಿದಳು. ಅವನ ಮುಖ ನೋಡದೆ ಅವನ ಕೈಗೆ ಕೊಟ್ಟಳು.