ಉಗುರಿಲ್ಲದವರ ಆಟ

ಶನಿವಾರ ಬೆಳಿಗ್ಗೆ ಈಜುಕೊಳದ ದಂಡೆಯ ಬೆಂಚಿನ ಮೇಲೆ ಕೋಚ್ ವಿಲ್ಮೋಶ್ ಕೂತಿದ್ದರು. ಎದುರಿಗೆ ಅವರ ಆಟಗಾರರ ಸಾಲು. ಒಬ್ಬೊಬ್ಬನೇ ಬಂದು ಎರಡೂ ಕೈ ಚಾಚುತ್ತಿದ್ದ. ವಿಲ್ಮೋಶ್ ಅವನ ಬೆರಳ ತುದಿಗಳನ್ನು ತಮ್ಮ ಅಂಗೈಗೆ ಒತ್ತಿ ಎಳೆದು ನೋಡುತ್ತಿದ್ದರು. ಚೂರೇ ಚೂರು ಗೀರಿದರೂ ಸಾಕು, ಜೇಬಿನಿಂದ ನೇಲ್ ಕಟರ್ ಹೊರಗೆ ಬರುತ್ತಿತ್ತು.

"ಏನೋ ಜೋಂಬೋರ್, ನೀರಿಗೆ ಇಳೀತೀಯೋ ಆಲೂಗಡ್ಡೆ ಅಗೆಯೋಕೆ ಹೋಗ್ತೀಯೋ?" ಎಂದು ಬೈದು, ತಾವೇ ಕತ್ತರಿಸುತ್ತಿದ್ದರು.

ಈಜುತ್ತ ಚೆಂಡಾಡುವ ಈ ವಾಟರ್ ಪೋಲೊದಲ್ಲಿ ಪಂದ್ಯಕ್ಕೆ ಮುಂಚೆ ರೆಫರಿಗಳು ಎರಡೂ ತಂಡಗಳ ಉಗುರು ನೋಡಿಯೇ ನೀರಿಗೆ ಬಿಡುವುದು. ಆದರೆ ತಮ್ಮ ಹುಡುಗನನ್ನು ಬೇರೆಯವರು ವಾಪಸ್ ಕಳಿಸಬಾರದು ಎನ್ನುವುದು ವಿಲ್ಮೋಶರ ಹಠ. ಅವರ ಎಡಗಣ್ಣಿನ ರೆಪ್ಪೆ ಮೇಲೆ ಈಗಲೂ ಒಂದು ಸೀಳಿದೆ. ಯೌವನದಲ್ಲಿ ಎದುರಾಳಿಯೊಬ್ಬನ ಉಗುರು ಕೊಟ್ಟ ಉಡುಗೊರೆ. ಅವತ್ತಿನಿಂದ ಉಗುರಿನ ವಿಷಯದಲ್ಲಿ ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವರ ಪೈಕಿ.

ಕೊನೆಗೆ ಬಂದವನು ಬೊಟೊಂಡ್. ತಂಡದ ನಾಯಕ, ಎಡಗೈ ಆಟಗಾರ. ನಾಲ್ಕು ದೇಶದ ತಂಡಗಳು ಬಂದಿದ್ದ ಆ ಕೊಕ್ಕರೆ ಕಪ್ ಪಂದ್ಯಾವಳಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದವನು. ತಿಸಾ ನದಿ ದಂಡೆಯ ಆ ಊರಿನಲ್ಲಿ ಅವನ ಚಿತ್ರವಿಲ್ಲದ ಬ್ರೆಡ್ ಅಂಗಡಿ ಇರಲಿಲ್ಲ. ಅವನ ಉಗುರು ಸರಿಯಾಗಿಯೇ ಇದ್ದವು. ಆದರೆ ಕಿವಿಯ ಹಿಂದಿನಿಂದ ಹೆಗಲಿನವರೆಗೆ ಮೂರು ಗೀರುಗಳು, ಕೆಂಪಗೆ, ಹಸಿಹಸಿಯಾಗಿದ್ದವು.

"ಬೆಕ್ಕು ಸಾಕಿದ್ದೀಯೇನೋ ಕ್ಯಾಪ್ಟನ್?" ಜೋಂಬೋರ್ ಕಿಚಾಯಿಸಿದ.

"ನಿನ್ನೆ ಸೆಮಿಫೈನಲ್‌ನಲ್ಲಿ ಆ ಕ್ರೊಯೇಷಿಯಾದವನು ಪರಚಿದ," ಎಂದ ಬೊಟೊಂಡ್. ಎಲ್ಲರೂ ನಕ್ಕರು. ವಿಲ್ಮೋಶರೂ ನಕ್ಕರು. ಸಂಜೆ ಸೆರ್ಬಿಯಾ ತಂಡದ ಜೊತೆ ಫೈನಲ್, ನಗದೆ ಇನ್ನೇನು? ಹುಡುಗರು ಅಭ್ಯಾಸಕ್ಕೆ ನೀರಿಗೆ ಹಾರಿದರು.

ನೇಲ್ ಕಟರ್ ಮಡಿಚುವಾಗ ವಿಲ್ಮೋಶರ ಕೈ ನಿಂತಿತು. ಯಾವ ಕ್ರೊಯೇಷಿಯಾದವನು? ನಿನ್ನೆ ರೆಫರಿ ಅವರ ಉಗುರು ನೋಡುವಾಗ ನಾನೂ ಪಕ್ಕದಲ್ಲೇ ನಿಂತು ನೋಡಿದ್ದೆನಲ್ಲ. ಒಬ್ಬನಿಗೂ ಉಗುರಿರಲಿಲ್ಲ. ಪಂದ್ಯ ಮುಗಿದ ಮೇಲೆ ಬೊಟೊಂಡ್‌ನ ಹೆಗಲಿಗೆ ಐಸ್ ಒತ್ತಿದ್ದೂ ನಾನೇ. ಅವನ ಕುತ್ತಿಗೆ ಆಗ ಕನ್ನಡಿ ಹಾಗೆ ನುಣುಪಾಗಿತ್ತು.

ಈ ಆಟದಲ್ಲಿ ಗುದ್ದಿದ ಗುರುತು ಬೀಳುತ್ತದೆ, ಹಿಸುಕಿದ ಗುರುತು ಬೀಳುತ್ತದೆ. ಹೀಗೆ ಪರಚಿದ ಗುರುತು ಬೀಳುವುದಿಲ್ಲ. ಇದು ಉಗುರಿರುವವರ ಕೆಲಸ. ಪ್ರಾಣ ಉಳಿಸಿಕೊಳ್ಳಲು ಪರಚಿದವರ ಕೆಲಸ. ವಿಲ್ಮೋಶ್ ಎದ್ದು ಮಕ್ಕಳ ಕೊಳದ ಕಡೆ ನಡೆದರು.

ಬೊಟೊಂಡ್‌ನ ಹೆಂಡತಿ ಎಮೆಷೆ ಅದೇ ಆವರಣದ ಮಕ್ಕಳ ಕೊಳದಲ್ಲಿ ಈಜು ಕಲಿಸುತ್ತಿದ್ದಳು. ಅವಳಿಗೂ ಚಿಕ್ಕಂದಿನಲ್ಲಿ ಈಜು ಕಲಿಸಿದವರು ವಿಲ್ಮೋಶರೇ. ಇವತ್ತು ಅವಳು ನೀರಿಗಿಳಿದಿರಲಿಲ್ಲ. ಜುಲೈ ತಿಂಗಳ ಉರಿಬಿಸಿಲಲ್ಲಿ ತುಂಬುತೋಳಿನ ಅಂಗಿ ತೊಟ್ಟು, ಕುತ್ತಿಗೆಗೆ ಸ್ಕಾರ್ಫ್ ಸುತ್ತಿ ದಂಡೆಯಲ್ಲೇ ನಿಂತು ಮಕ್ಕಳಿಗೆ ಹೇಳಿಕೊಡುತ್ತಿದ್ದಳು.

"ಏನಮ್ಮಾ ಇದು, ಈ ಸೆಕೆಯಲ್ಲಿ?"

"ಶೀತ ಆಗಿದೆ ಮಾಮ."

"ಕೈ ತೋರಿಸು."

ಹಳೇ ಅಭ್ಯಾಸ. ಯೋಚಿಸುವ ಮೊದಲೇ ಅವಳ ಎರಡೂ ಕೈ ಮುಂದೆ ಬಂದಿದ್ದವು. ಬಣ್ಣ ಹಚ್ಚಿದ ಉದ್ದ ಉಗುರುಗಳು. ಬಲಗೈಯಲ್ಲಿ ಮಾತ್ರ ಎರಡು ಉಗುರು ಮಾಂಸದವರೆಗೂ ಮುರಿದಿದ್ದವು. ಅವಳಿಗೆ ಗೊತ್ತಾಯಿತು. ಕೈ ಹಿಂದೆಳೆದುಕೊಂಡಳು, ಆದರೆ ತಡವಾಗಿತ್ತು.

"ನಿನ್ನೆ ಗೆದ್ವಲ್ಲಮ್ಮಾ..." ಎಂದುಬಿಟ್ಟರು ವಿಲ್ಮೋಶ್. ಎಂಥ ಮಾತದು! ಬಾಯಿಂದ ಬಿದ್ದ ಮೇಲೆ ತಮಗೇ ನಾಚಿಕೆಯಾಯಿತು.

"ಸೋತ್ರೆ, ಸೋತಿದ್ದಕ್ಕೆ ಮಾಮ. ಗೆದ್ರೆ, ನಾನು ಸರಿಯಾಗಿ ಖುಷಿಪಡಲಿಲ್ಲ ಅಂತ."

"ಯಾರಿಗಾದ್ರೂ ಒಂದು ಮಾತು ಹೇಳಬಾರದಿತ್ತಾ?"

ಎಮೆಷೆ ಅವರನ್ನು ನೆಟ್ಟಗೆ ನೋಡಿದಳು. "ನಿಮಗೇ ಹೇಳಿದ್ದೆ. ನಮ್ಮನೆಗೆ ಈಸ್ಟರ್ ಊಟಕ್ಕೆ ಬಂದಾಗ. ಬೊಟೊಂಡ್ ಕೈ ಮನೇಲೂ ಬಿರುಸು ಮಾಮ ಅಂದೆ. 'ಅದಕ್ಕೇ ಗೋಲು ಬೀಳೋದು ಕಣಮ್ಮಾ' ಅಂತ ನಕ್ಕುಬಿಟ್ರಿ."

ಹೌದು, ನಕ್ಕಿದ್ದರು. ಕೊಳದಲ್ಲಿ ಮಕ್ಕಳು ಕಾಲು ಬಡಿಯುತ್ತ ಕಿರುಚುತ್ತಿದ್ದವು. ಅವರು ದನಿ ತಗ್ಗಿಸಿ, "ನಮ್ಮ ಮನೆಗೆ ನಡಿ. ಮಾರ್ಗಿತ್ ಇದ್ದಾಳೆ. ಇವತ್ತು ಆ ಮನೆಗೆ ಹೋಗಬೇಡ. ಅವನನ್ನ ಆಟಕ್ಕೆ ಬಿಡಬೇಕೋ ಬೇಡವೋ, ಅದನ್ನ ನೀನೇ ಹೇಳು. ನೀನು ಹೇಳಿದ ಹಾಗೆ ಮಾಡ್ತೀನಿ," ಎಂದರು.

ಅವಳು ಸ್ಕಾರ್ಫ್ ಸರಿಮಾಡಿಕೊಂಡಳು. "ಮನೆಗೆ ಬರ್ತೀನಿ. ಆದ್ರೆ ತಂಡ ನಿಮ್ಮದು ಮಾಮ. ಅದನ್ನ ನನ್ನ ತಲೆಗೆ ಕಟ್ಟಬೇಡಿ."

ಅವಳನ್ನು ಹೆಂಡತಿ ಮಾರ್ಗಿತ್‌ಳ ಕೈಗೊಪ್ಪಿಸಿ ಬಂದವರೇ ವಿಲ್ಮೋಶ್ ನೇರ ಕ್ಲಬ್ಬಿನ ಅಧ್ಯಕ್ಷ ಕಾಲ್ಮಾನ್ ಹತ್ತಿರ ಹೋದರು. ಕಾಲ್ಮಾನ್ ಕೆಟ್ಟ ಮನುಷ್ಯನಲ್ಲ. ಕ್ಲಬ್ಬಿಗಾಗಿ ಸ್ವಂತ ಹೊಲ ಮಾರಿದವನು. ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ.

"ಅಯ್ಯೋ ಪಾಪ, ಆ ಹುಡುಗಿ. ಸೋಮವಾರ ನಾನೇ ಅವನನ್ನ ಕರೆಸಿ ಬುದ್ಧಿ ಹೇಳ್ತೀನಿ, ನನ್ನಾಣೆ. ಆದ್ರೆ ಇವತ್ತು ಬೇಡ ಕಣಯ್ಯಾ. ಊರಿಗೆ ಊರೇ ಕಾಯ್ತಿದೆ. ನಾಲ್ಕು ದೇಶದವರ ಮುಂದೆ ಮಾನ ಹೋಗುತ್ತೆ."

"ಸೋಮವಾರದವರೆಗೆ ಅವಳು?"

"ನಿನ್ನ ಮನೇಲಿದ್ದಾಳಲ್ಲ! ಇನ್ನೊಂದು ಮಾತು, ಅವಳು ಒಂದು ದೂರೂ ಕೊಟ್ಟಿಲ್ಲ. ಇವನನ್ನ ನೀನು ಒಂದು ಮಾತೂ ಕೇಳಿಲ್ಲ. ಒಂದು ಕಡೆ ಕೇಳಿ ತೀರ್ಪು ಕೊಡೋದು ನ್ಯಾಯನಾ? ಅಪ್ಪನ ಥರ ಬೆಳೆಸಿದವನು ನೀನು. ಅವನ ಬಾಳು ಹಾಳಾಗುತ್ತೆ."

"ಅದೂ ನಿಜ," ಎಂದರು ವಿಲ್ಮೋಶ್. "ಅವನನ್ನೂ ಕೇಳ್ತೀನಿ."

ಮಧ್ಯಾಹ್ನ ಬಟ್ಟೆ ಬದಲಿಸುವ ಕೋಣೆಯಲ್ಲಿ ಬೊಟೊಂಡ್ ಒಬ್ಬನೇ ಸಿಕ್ಕಿದ. ಬೆಂಚಿನ ಮೇಲೆ ಕಾಲು ಚಾಚಿ ಬಾಳೆಹಣ್ಣು ತಿನ್ನುತ್ತಿದ್ದ.

"ಕುತ್ತಿಗೆ ಪರಚಿದ್ದು ಯಾರು ಬೊಟೊಂಡ್?"

"ಹೇಳಿದ್ನಲ್ಲ ಮಾಮ, ಕ್ರೊಯೇಷಿಯಾದವನು."

"ಯಾವ ಉಗುರಿನಿಂದ?"

ಬಾಳೆಹಣ್ಣು ಅರ್ಧಕ್ಕೇ ನಿಂತಿತು. ಇಷ್ಟು ವರ್ಷ ದಿನಾ ಉಗುರು ತೋರಿಸಿದವನಿಗೆ ಈ ಒಂದು ಮಾತು ಹೊಳೆದಿರಲಿಲ್ಲ. "ಅವಳೇ ಮೈಮೇಲೆ ಬಿದ್ಲು. ನಾನು ತಡೆದೆ, ಅಷ್ಟೇ," ಎಂದ.

"ಈ ಸೆಕೇಲಿ ಅವಳು ಸ್ಕಾರ್ಫ್ ಸುತ್ತಿಕೊಳ್ಳೋ ಹಾಗೆ, ಕುತ್ತಿಗೆ ಹಿಡಿದು ತಡೆದ್ಯಾ?"

"ನಿಮಗೆ ಗೊತ್ತಿಲ್ಲ ಮಾಮ. ಊರಿನವರೆಲ್ಲ ನನ್ನ ಹೆಗಲ ಮೇಲೆ ಕೂತಿದ್ದಾರೆ. ಎಲ್ಲರ ಮುಂದೆ ನಗ್ತಾ ನಿಲ್ಲಬೇಕು. ಮನೆಗೆ ಹೋದ್ರೆ ಅವಳ ಮುಖ ಗಂಟು. ರಾತ್ರಿಯೆಲ್ಲ ನನಗೂ ನಿದ್ದೆ ಬರಲ್ಲ. ಆಮೇಲೆ ಕ್ಷಮಾಪಣೆ ಕೇಳ್ತೀನಿ, ಅಳ್ತೀನಿ..." ಅವನ ದನಿ ಒಡೆಯಿತು. ಅದು ನಾಟಕವಾಗಿರಲಿಲ್ಲ. ಆಮೇಲೆ ಥಟ್ಟನೆ ತಲೆಯೆತ್ತಿದ. "ನೀವೇ ಹೇಳಿಕೊಟ್ಟಿದ್ದಲ್ವಾ? ನೀರಿನ ಕೆಳಗೆ ಎಳೀರಿ, ಒದೀರಿ, ಸೀಟಿ ಊದದಿದ್ರೆ ಅದು ತಪ್ಪೇ ಅಲ್ಲ ಅಂತ. ಯಾರು ಊದಿದ್ರು ಈಗ ಸೀಟಿ?"

ವಿಲ್ಮೋಶರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಎಷ್ಟು ಮಕ್ಕಳಿಗೆ, ಎಷ್ಟು ಸಲ, ಕಣ್ಣು ಮಿಟುಕಿಸಿ ಹೇಳಿದ್ದರು ಆ ಮಾತನ್ನು! ಹೇಳಿದಾಗಲೆಲ್ಲ ಹುಡುಗರು ನಗುತ್ತಿದ್ದರು.

"ನಾನು," ಎಂದರು. "ನಾನು ಊದಿದೆ. ಇವತ್ತು ನೀನು ಆಡಲ್ಲ. ಎಮೆಷೆ ನಮ್ಮ ಮನೇಲಿದ್ದಾಳೆ. ಅವಳೇ ಕರೆಯೋವರೆಗೂ ಆ ಕಡೆ ತಲೆ ಹಾಕಬೇಡ. ನಿನಗೆ ಯಾರಾದ್ರೂ ಡಾಕ್ಟರ ಹತ್ತಿರ ಹೋಗಬೇಕು ಅನ್ನಿಸಿದ್ರೆ ನಾನೇ ಜೊತೆಗೆ ಬರ್ತೀನಿ. ಇಷ್ಟು ವರ್ಷ ನಿನ್ನ ಕೈ ನೋಡಿದ್ದೀನಿ, ಬಿಟ್ಟುಹೋಗಲ್ಲ. ಆದ್ರೆ ಇವತ್ತು ಆ ಕೈ ನೀರಿಗಿಳಿಯಲ್ಲ."

ಬೊಟೊಂಡ್ ಲಾಕರಿನ ಬಾಗಿಲನ್ನು ಗುದ್ದಿದ. ತಗಡು ತಗ್ಗಾಯಿತು. ವಿಲ್ಮೋಶ್ ಕದಲಲಿಲ್ಲ. ಚೀಲ ಹೆಗಲಿಗೇರಿಸಿ, ಬೈಯುತ್ತ, ಅವನು ಹೊರಟುಹೋದ.

ಸಂಜೆ ಪ್ರೇಕ್ಷಕರ ಕಟ್ಟೆಗಳು ತುಂಬಿ ತುಳುಕುತ್ತಿದ್ದವು. ಲಾಂಗೋಶ್ ರೊಟ್ಟಿ ಕರಿಯುವ ಎಣ್ಣೆಯ, ಬೆಳ್ಳುಳ್ಳಿಯ ವಾಸನೆ, ಡೋಲು, ಬಾವುಟ. ಉಗುರು ತೋರಿಸಲು ಸಾಲಾಗಿ ನಿಂತ ಹುಡುಗರಿಗೆ ವಿಲ್ಮೋಶ್, "ಬೊಟೊಂಡ್ ಇಲ್ಲ. ಅವನ ಜಾಗಕ್ಕೆ ಜೋಂಬೋರ್," ಎಂದಷ್ಟೇ ಹೇಳಿದರು.

"ಯಾಕೆ ಮಾಮ? ಬೆಳಿಗ್ಗೆ ಚೆನ್ನಾಗೇ ಇದ್ನಲ್ಲ! ಬರೀ ಆ ಪರಚಿದ..." ಎನ್ನುತ್ತ ಜೋಂಬೋರ್ ರೆಫರಿಯ ಮುಂದೆ ಕೈ ಚಾಚಿದ. ಮಾತು ಅಲ್ಲೇ ನಿಂತಿತು. ಬೋಳು ಬೆರಳ ತುದಿಗಳನ್ನೇ ನೋಡುತ್ತ ನಿಂತ. ಪಕ್ಕದವನೂ ತನ್ನ ಕೈ ನೋಡಿಕೊಂಡ, ಅವನ ಪಕ್ಕದವನೂ. ಬೆಳಿಗ್ಗೆ ಬೆಕ್ಕಿನ ಮಾತಿಗೆ ನಕ್ಕವರೆಲ್ಲ ತಲೆ ತಗ್ಗಿಸಿ ಒಬ್ಬೊಬ್ಬರಾಗಿ ನೀರಿಗಿಳಿದರು.

ಹುಡುಗರು ಪ್ರಾಣ ಒತ್ತೆಯಿಟ್ಟು ಆಡಿದರು. ಜೋಂಬೋರ್, ಮೈ ಭಾರದ ಜೋಂಬೋರ್, ಎರಡು ಗೋಲು ಹೊಡೆದ. ಆದರೂ ಒಂದೇ ಒಂದು ಗೋಲಿನಿಂದ ಸೋತರು. ಸೆರ್ಬಿಯಾದವರು ಕುಣಿಯುತ್ತ ತಮ್ಮ ಕೋಚ್‌ನನ್ನು ಎತ್ತಿ, ಗೆದ್ದವರ ವಾಡಿಕೆಯಂತೆ, ಬಟ್ಟೆ ಸಮೇತ ನೀರಿಗೆ ಎಸೆದರು. ಕಟ್ಟೆಯ ಮೇಲಿಂದ ಯಾರೋ, "ಮುದಿಯಾ, ಬೊಟೊಂಡ್ ಎಲ್ಲಿ? ಕಪ್ ಮಾರ್ಕೊಂಡ್ಯಾ?" ಎಂದು ಕೂಗಿದರು. ಕಾಲ್ಮಾನ್ ಮುಖ ತಿರುಗಿಸಿದ. ವಿಲ್ಮೋಶ್ ಒಣಬಟ್ಟೆಯಲ್ಲೇ ಮನೆಗೆ ನಡೆದರು. ಮನಸ್ಸು ಭಾರವಾಗಿತ್ತು. ಸೋಲು ನೋಯುವುದಿಲ್ಲ ಎಂದು ಯಾರು ಹೇಳಿಯಾರು?

ಅಂಗಳದ ಆಕ್ರೋಟು ಮರದ ಕೆಳಗೆ ಇನ್ನೂ ಬಿಸಿಲಿತ್ತು. ಮಾರ್ಗಿತ್ ಮತ್ತು ಎಮೆಷೆ ಬುಟ್ಟಿ ತುಂಬ ಹುಳಿ ಚೆರ್ರಿ ಇಟ್ಟುಕೊಂಡು ಬೀಜ ತೆಗೆಯುತ್ತಿದ್ದರು. ಎಮೆಷೆ ಸ್ಕಾರ್ಫ್ ಬಿಚ್ಚಿಟ್ಟಿದ್ದಳು. ಕುತ್ತಿಗೆಯ ಎರಡೂ ಬದಿ ನೀಲಿಗಟ್ಟಿದ ಬೆರಳ ಗುರುತು. ಆ ಬೆರಳುಗಳ ಅಳತೆ ವಿಲ್ಮೋಶರಿಗೆ ಚೆನ್ನಾಗಿ ಗೊತ್ತಿತ್ತು. ಬೇಲಿಯ ಬಾಗಿಲು ತೆಗೆದು ಒಳಗೆ ಬಂದರು.

"ಸೋತ್ರಾ ಮಾಮ?"

"ಸೋತ್ವಿ."

"ಊರೆಲ್ಲ ನಿಮ್ಮನ್ನ ಬೈತಿರಬೇಕು."

"ಬೈಲಿ ಬಿಡು. ಕೂಗಿ ಕೂಗಿ ಅವರ ಗಂಟಲೇ ಒಣಗುತ್ತೆ."

ಅವಳು ಒಂದು ಹಣ್ಣಿನ ಬೀಜ ತೆಗೆದು ಬಟ್ಟಲಿಗೆ ಹಾಕಿದಳು. "ನಾಳೆ ಪೊಲೀಸ್ ಸ್ಟೇಷನ್‌ಗೆ ಹೋಗೋಣ ಅಂತ ಮಾರ್ಗಿತ್ ಅತ್ತೆ ಹೇಳ್ತಿದ್ದಾರೆ. ನಾನೂ ಹೂಂ ಅಂದೆ. ಅವನು ಊರಿನ ಹೀರೊ, ನನ್ನ ಮಾತು ಅಲ್ಲಿ ಯಾರು ನಂಬ್ತಾರೆ? ಆ ಉಗುರಿನ ಮಾತು... ನೀವು ಬಂದು ಹೇಳ್ತೀರಾ?"

"ಹೇಳ್ತೀನಿ. ಈಸ್ಟರ್ ಊಟದ ದಿನ ನಾನು ನಕ್ಕಿದ್ದನ್ನೂ ಹೇಳ್ತೀನಿ."

ಎಮೆಷೆಯ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈಯೆತ್ತಿದಾಗ ಮುರಿದ ಉಗುರು ತೋಳಿನ ದಾರಕ್ಕೆ ಸಿಕ್ಕಿಕೊಂಡಿತು. ನೋವಿಗೆ ಹಾ ಎಂದಳು. ವಿಲ್ಮೋಶ್ ಅಭ್ಯಾಸಬಲದಿಂದ ಜೇಬಿನ ನೇಲ್ ಕಟರ್ ತೆಗೆದರು.

"ಕೊಡಮ್ಮಾ ಇಲ್ಲಿ, ನೀಟಾಗಿ ಕತ್ತರಿಸಿಬಿಡ್ತೀನಿ."

ಅವಳ ಕೈ ಅರ್ಧದವರೆಗೆ ಬಂತು. ಅಲ್ಲೇ ನಿಂತಿತು. ನಿಧಾನವಾಗಿ ದಾರ ಬಿಡಿಸಿಕೊಂಡು, ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಬೇಡ ಮಾಮ," ಎಂದಳು. "ಬೆಳೀಲಿ ಬಿಡಿ."

ವಿಲ್ಮೋಶ್ ನೇಲ್ ಕಟರ್ ಮಡಿಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಒಂದು ಕುರ್ಚಿ ಎಳೆದುಕೊಂಡು, ಅವರಿಬ್ಬರ ಜೊತೆ ಚೆರ್ರಿ ಬೀಜ ತೆಗೆಯಲು ಕೂತರು.