ಪೆಸ್ಯಾಳ ಕಲ್ಲು

"ಹೆಸರು ಓದಿದ ಮೇಲೆ ಸ್ವಲ್ಪ ನಿಲ್ಲಿ. ಬಸ್ಸು ಹೊರಟೋಗುತ್ತೆ ಅನ್ನೋ ಥರ ಓದಬೇಡಿ," ಎಂದು ಶಾಲೆಯ ಸಭಾಂಗಣದ ಅಭ್ಯಾಸದಲ್ಲಿ ಗಿಡೋನ್ ಮೂರನೇ ಸಲ ಹೇಳಿದ.

ನಾಳೆ ಬೆಳಿಗ್ಗೆ ಹೈಫಾದಿಂದ ಹೊರಟು ಪೋಲೆಂಡಿನ ವಿಮಾನ ಹತ್ತಬೇಕು. ಎರಡನೇ ಮಹಾಯುದ್ಧದಲ್ಲಿ ಯೆಹೂದ್ಯರನ್ನು ಕೊಂದ ಕ್ಯಾಂಪುಗಳನ್ನೆಲ್ಲ ನೋಡಿ, ಕೊನೆಯ ದಿನ ಕಾಡಿನೊಳಗಿನ ಸಾಮೂಹಿಕ ಗೋರಿಯ ಮುಂದೆ ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನವರೊಬ್ಬರ ಹೆಸರು ಓದಿ, ಯೆಹೂದ್ಯರ ಪದ್ಧತಿಯಂತೆ ಗೋರಿಯ ಮೇಲೆ ಕಲ್ಲಿಡಬೇಕು. ತನ್ನವರು ಅಂತ ಯಾರೂ ಅಲ್ಲಿ ಸಾಯದವರಿಗೆ ಗಿಡೋನನ ಪಟ್ಟಿಯಲ್ಲಿ ಹೆಸರುಗಳಿದ್ದವು. ಇತಿಹಾಸದ ಮೇಷ್ಟ್ರು, ಒಂಬತ್ತು ಸಲ ಹೋಗಿ ಬಂದವನು. ಮಕ್ಕಳು ಎಲ್ಲಿ ಅಳುತ್ತಾರೆ, ಎಲ್ಲಿ ಹಸಿವು ಅನ್ನುತ್ತಾರೆ, ಎಲ್ಲ ಗೊತ್ತು.

"ಅಳು ಬರ್ದೇ ಇದ್ರೆ ಏನ್ಮಾಡೋದು ಮೇಷ್ಟ್ರೇ?" ಹಿಂದಿನ ಸಾಲಿನಿಂದ ಒಮ್ರಿ ಕೇಳಿದ.

"ಸುಮ್ನೆ ನಿಂತ್ಕೋ. ಅದಕ್ಕೇನು ಮಾರ್ಕ್ಸ್ ಇಲ್ಲ."

"ನೀವು ಅತ್ತಿದ್ದೀರಾ?"

"ಮುಂದಿನವರು ಓದಿ."

ಮುಂದಿನವಳು ಅವನ ಮಗಳು ನೆತಾ.

"ಪೆಸ್ಯಾ. ಆರು ವರ್ಷ. ನನ್ನ ಅಜ್ಜಿಯ ತಂಗಿ."

ಸಭಾಂಗಣದಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಒಮ್ರಿ ಕೂಡ ತಲೆ ತಗ್ಗಿಸಿದ.

ನಿಜ ಗಿಡೋನನಿಗೊಬ್ಬನಿಗೇ ಗೊತ್ತಿತ್ತು. ಪೆಸ್ಯಾ ಎಂಬುವಳು ಇರಲೇ ಇಲ್ಲ. ನಿಜವಾಗಿ ಇದ್ದು ಸತ್ತವಳ ಹೆಸರು ಅವನಿಗೆ ಗೊತ್ತಿಲ್ಲ. "ನಂಗೊಬ್ಬಳು ತಂಗಿ ಇದ್ದಳು" ಎಂದಷ್ಟೇ ಅವನ ತಾಯಿ ಒಮ್ಮೆ ಆಲೂಗಡ್ಡೆ ಸುಲಿಯುತ್ತಾ ಹೇಳಿದ್ದಳು. ಹೆಸರು ಕೇಳಿದರೆ ಎದ್ದು ಹೋಗುತ್ತಿದ್ದಳು. ಹೇಳದೆಯೇ ಸತ್ತಳು. ಮೊದಲ ಪ್ರವಾಸದಲ್ಲಿ ತನ್ನ ಸರದಿ ಬಂದಾಗ, ಇತಿಹಾಸದ ಮೇಷ್ಟ್ರಿಗೇ ಮನೆಯವರ ಹೆಸರು ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಬಾಯಿಗೆ ಬಂದ ಹೆಸರನ್ನು ಓದಿಬಿಟ್ಟಿದ್ದ. ಆಮೇಲೆ ಅವನ ಮಾತಿನಲ್ಲಿ ಪೆಸ್ಯಾಳಿಗೆ ಆರು ವರ್ಷವಾಯಿತು, ಎರಡು ಜಡೆ ಬಂತು. ಚಿಕ್ಕ ನೆತಾ ಅವಳ ಕಥೆ ಕೇಳದೆ ಊಟ ಮುಗಿಸುತ್ತಿರಲಿಲ್ಲ.

ಇವತ್ತು ಮಗಳಿಗೆ ನಿಜ ಹೇಳಿಬಿಡಬೇಕು ಅಂತಲೇ ಮನೆ ಬಿಟ್ಟಿದ್ದ. ಕಾರಿನಲ್ಲಿ ಹೇಳಬಹುದಿತ್ತು. ರೇಡಿಯೋ ಜೋರು ಮಾಡಿದ.

ಅಭ್ಯಾಸ ಮುಗಿದು ಮಕ್ಕಳು ಬುರೇಕಾಸ್ ಪಫ್ಸ್ ತಿನ್ನಲು ಓಡಿದರು. ಗೋರಿಗೆ ಒಯ್ಯುವ ಕಲ್ಲುಗಳನ್ನು ಸೂಟ್‌ಕೇಸಿಗೆ ತುಂಬಲು ಅಪ್ಪ ಮಗಳು ಇಬ್ಬರೇ ಉಳಿದರು. ಸಮುದ್ರದ ದಡದಿಂದ ಆಯ್ದು ತಂದ ಕಲ್ಲುಗಳು, ಪ್ರತಿಯೊಂದರ ಮೇಲೂ ಕಪ್ಪು ಶಾಯಿಯಲ್ಲಿ ಒಂದು ಹೆಸರು. ನಿನ್ನೆ ಯಾರಿಗೂ ಕಾಣದ ಹಾಗೆ ಗಿಡೋನ್ ಅವುಗಳ ನಡುವೆ ಹೆಸರಿಲ್ಲದ ಒಂದು ಕಲ್ಲು ಸೇರಿಸಿದ್ದ. ತಾಯಿಯ ತಂಗಿಗೆಂದು.

"ನೆತಾ, ಒಂದು ಮಾತಿತ್ತು."

"ಹೇಳಿ ಮೇಷ್ಟ್ರೇ." ಶಾಲೆಯಲ್ಲಿ ಅವನನ್ನು ಹೀಗೇ ಕಾಡುತ್ತಿದ್ದಳು.

"ಪೆಸ್ಯಾ ವಿಷಯ."

ಅವಳ ಕೈ ನಿಂತಿತು. "ನಾನೂ ಕೇಳ್ಬೇಕು ಅಂತಿದ್ದೆ ಅಪ್ಪ. ಅವಳ ಕಣ್ಣು ಯಾವ ಬಣ್ಣ? ಅಜ್ಜಿ ಏನಾದ್ರೂ ಹೇಳಿದ್ಲಾ?"

ಕೇಳುತ್ತಿದ್ದವಳ ಕಣ್ಣು ಆಗಲೇ ತುಂಬಿತ್ತು.

"ಕಂದು," ಎಂದ ಗಿಡೋನ್. "ನಿನ್ನ ಹಾಗೇ."

ಹೇಳಿದ ಕೂಡಲೇ ತನ್ನ ಮೇಲೆ ಅಸಹ್ಯವಾಯಿತು. ಹಗುರವೂ ಆಯಿತು. ಹಗುರವಾದದ್ದಕ್ಕೆ ಇನ್ನಷ್ಟು ಅಸಹ್ಯವಾಯಿತು.

ನೆತಾ ಕಣ್ಣೊರೆಸಿಕೊಂಡು, ಪೆಸ್ಯಾಳ ಕಲ್ಲನ್ನು ತನ್ನ ಮಫ್ಲರಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟಳು. ಕೊನೆಗೆ ಮೇಜಿನ ಮೇಲೆ ಒಂದೇ ಕಲ್ಲು ಉಳಿಯಿತು.

"ಇದ್ಯಾರ್ದು? ಹೆಸರೇ ಇಲ್ಲ."

"ಅದು... ಇರ್ಲಿ ಬಿಡು."

"ಇರ್ಲಿ ಅಂದ್ರೆ? ಮೊದ್ಲೇ ಭಾರ ಜಾಸ್ತಿ ಆಗಿದೆ."

ಕಲ್ಲು ಹಿಡಿದು ಅವಳು ಕಿಟಕಿಯಿಂದ ಹೊರಗೆ ಬಗ್ಗಿ ನೋಡಿದಳು. ಗಿಡೋನ್ ಬಾಯಿ ತೆರೆದ.

"ಕೆಳಗೆ ಯಾರೂ ಇಲ್ಲ," ಎಂದಳು ನೆತಾ.

ಅಂಗಳದ ಸಿಮೆಂಟಿಗೆ ಕಲ್ಲು ಬಿದ್ದ ಸದ್ದು ಮೇಲಿನವರೆಗೂ ಕೇಳಿಸಿತು. ಅವಳು ಸೂಟ್‌ಕೇಸಿನ ಜಿಪ್ ಎಳೆದಳು.