ಜೆಫೆರಿನೊನ ಹಗ್ಗ

ನಡೆಯುತ್ತಿದ್ದ ಜೆಫೆರಿನೊ ನಿಂತ. ಬೂಟಿನ ತುದಿಯಿಂದ ಮರಳನ್ನು ಒತ್ತಿ ನೋಡಿದ, ಬಗ್ಗಿ ಅಂಗೈ ಊರಿದ, ಆಮೇಲೆ ಸಮುದ್ರದ ಕಡೆ ತಿರುಗಿ ಮೂರು ಅಲೆ ಬಂದು ಹೋಗುವವರೆಗೆ ಹಾಗೇ ನೋಡಿದ. ಮುಂದೆ ಹೋಗುತ್ತಿದ್ದ ಮೂವರು ಲಿಸ್ಬನ್ನಿನವರಿಗೆ ಇದು ಗೊತ್ತಾಗಲಿಲ್ಲ. ನೀರಿನ ನಡುವೆ ಎದ್ದು ನಿಂತ ಬಂಡೆಯ ನೆತ್ತಿಯಲ್ಲಿ ಕೊಕ್ಕರೆಯೊಂದು ಗೂಡು ಕಟ್ಟಿತ್ತು, ಅವರು ಅದರ ಫೋಟೊ ತೆಗೆಯುತ್ತಿದ್ದರು. ಹಿಂದೆ ಬರುತ್ತಿದ್ದ ಮಗಳು ಎಲ್ವೀರಾ ಮಾತ್ರ ನೋಡಿದಳು.

"ಯಾಕಪ್ಪ ನಿಂತೆ? ಮಂಡಿ ನೋವಾ?"

"ನನ್ನ ಮಂಡಿ ಗುಂಡುಕಲ್ಲು. ಅದರ ಚಿಂತೆ ಬಿಡು." ಅವನು ದನಿ ತಗ್ಗಿಸಿದ. "ನೀರು ಇಳೀತಿಲ್ಲ ಕಣೇ. ಏರ್ತಿದೆ."

ಎಲ್ವೀರಾ ಗಡಿಯಾರ ನೋಡಿಕೊಂಡಳು. ಹನ್ನೊಂದೂ ಇಪ್ಪತ್ತು. "ಇಳಿತ ಹನ್ನೊಂದೂ ಇಪ್ಪತ್ತೈದಕ್ಕೆ ಅಂತ ನೀನೇ ಹೇಳಿದ್ದು."

"ಹೌದು. ಹಲಗೆ ಮೇಲೆ ಹತ್ತೂ ಇಪ್ಪತ್ತೈದು ಅಂತ ಇತ್ತು. ಇವತ್ತು ಗಡಿಯಾರ ಮುಂದಕ್ಕೆ ಹೋಯ್ತಲ್ಲ, ಒಂದು ಗಂಟೆ ಸೇರಿಸಿದೆ. ಸರಿ ತಾನೆ?"

"ಸರಿಯಾಗೇ ಇದೆ."

"ಮತ್ತೆ ಈ ಮರಳು ನೋಡು. ಆಗಲೇ ಆರಿತ್ತು, ಈಗ ಮತ್ತೆ ಒದ್ದೆ ಆಗ್ತಿದೆ."

ನಮ್ಮ ಹಳ್ಳಿ ವಾಲೆ ದು ಸಾರ್ಗುವಿನಲ್ಲಿ ಉಬ್ಬರ ಇಳಿತದ ಹೊತ್ತು ತಿಳಿಯಬೇಕಾದವರು ನೋಡುವುದು ಎರ್ಮೀನಿಯಾಳ ಹೋಟೆಲಿನ ಕರಿಹಲಗೆಯನ್ನು. ಸರ್ಕಾರದ ಅಚ್ಚಿನ ಪಟ್ಟಿ ನೋಡಿ ಅವಳು ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ. ಆ ಪಟ್ಟಿ ವರ್ಷವಿಡೀ ಚಳಿಗಾಲದ ಗಂಟೆಯಲ್ಲೇ ಇರುತ್ತದೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೇಸಿಗೆಯ ಹಗಲಿಗೆಂದು ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿದ ಮೇಲೆ, ಹಲಗೆಯ ಅಂಕಿಗೆ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಇದನ್ನು ಇಲ್ಲಿನ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವತ್ತು ಆ ಭಾನುವಾರ.

ದಾರಿ ತೋರಿಸುವ ಕೆಲಸದ ಎಲ್ವೀರಾ ಪ್ರವಾಸಿಗಳನ್ನು ನಡಿಗೆಗೆ ಕರೆದುಕೊಂಡು ಹೋಗುವಾಗಲೆಲ್ಲ ಆ ಹೊತ್ತನ್ನು ತಾನೇ ನೋಡುವವಳು. ಇವತ್ತು ಬೆಳಿಗ್ಗೆ ಮಾತ್ರ, ನೀರಿನ ಬಾಟಲಿ ತುಂಬಿಸುತ್ತ, "ಅಪ್ಪ, ಇಳಿತ ಎಷ್ಟಕ್ಕೆ ಅಂತ ನೋಡ್ಕೊಂಡು ಬಾ" ಎಂದು ಅವನನ್ನು ಕಳಿಸಿದ್ದಳು. ಅವನಿಗೂ ಒಂದು ಕೆಲಸ ಕೊಟ್ಟ ಹಾಗಾಗಲಿ ಎಂದು. ಎಂಟನೇ ವಯಸ್ಸಿಗೇ ಗಾಳ ಹಿಡಿದ ಜೆಫೆರಿನೊನಿಗೆ ಅಂಕಿ ಬರುತ್ತದೆ, ಅಕ್ಷರ ಬರುವುದಿಲ್ಲ. ಇದು ಊರಿಗೆಲ್ಲ ಗೊತ್ತು, ಯಾರೂ ಎತ್ತಿ ಆಡುವುದಿಲ್ಲ.

ಅವನು ಐವತ್ತು ವರ್ಷ ಈ ಕಡಿದಾದ ಬಂಡೆಗಳ ಮೇಲಿಂದ ಹಗ್ಗ ಕಟ್ಟಿಕೊಂಡು ಇಳಿದು, ಬುಡದಲ್ಲಿ ನಿಂತು ಮೀನು ಹಿಡಿದವನು. ಹೋದ ನವೆಂಬರಿನಲ್ಲಿ ಕಾಲು ಜಾರಿ, ಎರಡು ಗಂಟೆ ಹಗ್ಗದಲ್ಲೇ ನೇತಾಡಿದ. ಎರಡು ಪಕ್ಕೆಲುಬು ಮುರಿಯಿತು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಎಲ್ವೀರಾ ಹಗ್ಗವನ್ನು ತನ್ನ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ್ದಳು. ಅವಳಿಗೆ ತಾಯಿ ಇಲ್ಲ, ಇರುವವನು ಇವನೊಬ್ಬ. ನಾಲ್ಕು ತಿಂಗಳಿಂದ ಜೆಫೆರಿನೊ ಹೋಟೆಲಿನ ಕಿಟಕಿ ಪಕ್ಕ ಕೂತು, ಬೇರೆಯವರ ಗಾಳದಲ್ಲಿ ತಪ್ಪು ಹುಡುಕುತ್ತಿದ್ದ. ಕೊನೆಗೆ ತಂದೆ ಮಗಳ ನಡುವೆ ಒಂದು ಒಪ್ಪಂದವಾಯಿತು. ಈ ಭಾನುವಾರದ ಹದಿನಾಲ್ಕು ಕಿಲೋಮೀಟರಿನ ನಡಿಗೆಯನ್ನು ಅವನು ಎಡವದೆ, ತಪ್ಪದೆ ಮುಗಿಸಿದರೆ ಹಗ್ಗ ಅವನದು. "ಹಗ್ಗ ಜೊತೆಗಿಲ್ದೆ ಒಂದು ಹೆಜ್ಜೇನೂ ಇಡಲ್ಲ" ಎಂದು ಅವನು ಹಟ ಹಿಡಿದದ್ದರಿಂದ ಅದು ಈಗ ಅವಳ ಬೆನ್ನಿನ ಚೀಲದಲ್ಲಿತ್ತು.

"ಈಗ ಏನ್ಮಾಡೋದು?" ಎಂದಳು ಎಲ್ವೀರಾ.

"ಬೇಗ ನಡಿ. ಅವರಿಗೆ ಹೇಳಬೇಡ."

ಒಂದು ಬದಿಗೆ ಕಪ್ಪು ಕಲ್ಲಿನ ಕಡಿದಾದ ಗೋಡೆ, ಇನ್ನೊಂದು ಬದಿಗೆ ಅಟ್ಲಾಂಟಿಕ್. ನಡುವೆ ಒಂದೂವರೆ ಕಿಲೋಮೀಟರು ಮರಳು. ಮೇಲೊಂದು ದಾರಿ ಇದೆ, ಆದರೆ ನಡೆಯಲು ಬರುವವರಿಗೆಲ್ಲ ನೀರಿನ ಪಕ್ಕವೇ ಬೇಕು. ಮರಳಿನ ಕೊನೆಯಲ್ಲಿ ಕತ್ತೆ ಮೂಗು ಎಂಬ ಬಂಡೆ ಸಮುದ್ರಕ್ಕೆ ಚಾಚಿಕೊಂಡಿದೆ. ಇಳಿತದ ಹೊತ್ತಿಗೆ ಹೋದರೆ ಅದರ ತುದಿಯನ್ನು ಬಳಸಿ, ಪಾದ ಒದ್ದೆಯಾಗದೆ ಆಚೆಯ ಮರದ ಮೆಟ್ಟಿಲು ಸೇರಬಹುದು. ಇಳಿತ ಮುಗಿದು ಒಂದು ಗಂಟೆಯೊಳಗೆ ದಾಟದಿದ್ದರೆ ಆ ದಾರಿ ನೀರಲ್ಲಿ ಮುಚ್ಚಿಕೊಳ್ಳುತ್ತದೆ. ಬಂದ ದಾರಿಯೂ ಅಷ್ಟೇ. ಬರುವಾಗ ಹತ್ತಿಳಿದ ಗುಂಡುಕಲ್ಲುಗಳ ಮೇಲೆ ಆಗಲೇ ನೊರೆ ಹಾರುತ್ತಿತ್ತು.

"ಸ್ವಲ್ಪ ಕಾಲು ಚುರುಕು ಮಾಡಿ," ಎಲ್ವೀರಾ ಕೂಗಿದಳು. "ಆಚೆ ಹೋಗಿ ತಿಂಡಿ ತಿನ್ನೋಣ."

"ನಮ್ಮನ್ನ ನಡೆಸೋಕೆ ಕರ್ಕೊಂಡು ಬಂದ್ರೋ, ಓಡಿಸೋಕೋ?" ಎಂದರು ದೋನಾ ಒತೀಲಿಯಾ. ನಿವೃತ್ತ ನರ್ಸು, ಅರವತ್ತು ದಾಟಿದ ದಪ್ಪ ಮೈ, ದೊಡ್ಡ ಹುಲ್ಲಿನ ಟೋಪಿ. ಅವರ ತಮ್ಮನ ಮಗಳು ಫಿಲಿಪಾ ಮತ್ತು ಅವಳ ಗಂಡ ಲೊರೆನ್ಸು ನಕ್ಕರು. ಜೆಫೆರಿನೊ ನಗಲಿಲ್ಲ. ಅವನು ಗೋಡೆಯನ್ನೇ ನೋಡಿಕೊಂಡು ನಡೆಯುತ್ತಿದ್ದ.

ಕತ್ತೆ ಮೂಗಿನ ಹತ್ತಿರ ಬಂದಾಗ ಹನ್ನೊಂದೂ ನಲವತ್ತು. ಬಂಡೆಯ ತುದಿಯಲ್ಲಿ ಮರಳೇ ಇರಲಿಲ್ಲ. ಹಸಿರು ನೀರು ಬಂದು ಬಡಿದು, ಆಳೆತ್ತರ ಹಾರಿ, ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು.

"ಸೊಂಟದ ಮಟ್ಟ ಅಷ್ಟೇ," ಎಂದ ಲೊರೆನ್ಸು. "ಅಲೆ ಹೋದ ತಕ್ಷಣ ನಾನು ದಾಟಿ ಆಚೆಯಿಂದ ಕೈ ಕೊಡ್ತೀನಿ."

"ಬೇಡಪ್ಪ," ಎಂದ ಜೆಫೆರಿನೊ.

ಲೊರೆನ್ಸು ಆಗಲೇ ಇಳಿದಿದ್ದ. ನಾಲ್ಕು ಹೆಜ್ಜೆ ಹೋಗಿರಬೇಕು, ಎರಡನೆಯ ಅಲೆ ಅವನನ್ನು ಎತ್ತಿ ಬಂಡೆಗೆ ಬಡಿಯಿತು. ಫಿಲಿಪಾ ಚೀರಿದಳು. ಎಲ್ವೀರಾ ಎದೆಮಟ್ಟದ ನೀರಿಗೆ ನುಗ್ಗಿ ಅವನ ಚೀಲದ ಪಟ್ಟಿ ಹಿಡಿದು ಎಳೆದಳು. ಮರಳಿಗೆ ಬಂದು ಬಿದ್ದಾಗ ಅವನ ಒಂದು ಬೂಟು ಇರಲಿಲ್ಲ, ಮೊಣಕೈ ಸುಲಿದಿತ್ತು.

ದೋನಾ ಒತೀಲಿಯಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಿಜ ಹೇಳಿ ಮಗಳೇ. ನಾವು ಸಿಕ್ಕಿಹಾಕಿಕೊಂಡ್ವಾ?"

ಎಲ್ವೀರಾ ಫೋನು ತೆಗೆದಳು. ಈ ಗೋಡೆಯ ಬುಡದಲ್ಲಿ ಅದು ಎಂದೂ ಕೆಲಸ ಮಾಡಿದ್ದಿಲ್ಲ, ಅವಳಿಗದು ಗೊತ್ತಿತ್ತು. ಆದರೂ ನೋಡಿದಳು. ಅವಳಿಗೆ ಭಯವಾಗಿತ್ತು. ಅಲೆಯೊಂದು ಬಂದು ಐವರ ಪಾದವನ್ನೂ ತೋಯಿಸಿ ಹೋಯಿತು.

"ಹಗ್ಗ ತೆಗಿ," ಎಂದ ಜೆಫೆರಿನೊ.

ಅವನು ಗೋಡೆಯ ಒಂದು ಬಿರುಕಿನ ಕೆಳಗೆ ನಿಂತಿದ್ದ. ಕಲ್ಲಿನಲ್ಲಿ ಅಂಗೈಯಗಲದ ಗುಳಿಗಳು ಒಂದರ ಮೇಲೊಂದು ಇದ್ದವು. ಅವನ ಅಪ್ಪ ಉಳಿಯಿಂದ ಕಡಿದ ಗುಳಿಗಳು. ಮೂರು ಆಳೆತ್ತರದಲ್ಲಿ ಒಂದು ಜಗಲಿ. ಅಲ್ಲಿಂದ ಮೇಲಕ್ಕೆ ಪೊದೆ ಹಿಡಿದುಕೊಂಡು ಹೋಗಬಹುದಾದ ಕೊರಕಲು.

"ನಾನು ಹತ್ತೀನಿ," ಎಂದಳು ಎಲ್ವೀರಾ.

"ಹತ್ತಿ? ಹಗ್ಗ ನಿನ್ನ ಮೂಗಿಗೆ ಕಟ್ತೀಯಾ? ಅಲ್ಲಿ ಕಬ್ಬಿಣದ ಗೂಟ ಇದೆ. ಮಣ್ಣು ಕುಸಿದು ಮುಚ್ಚಿರುತ್ತೆ. ಎಲ್ಲಿದೆ ಅಂತ ನಿನಗೆ ಗೊತ್ತಾ?"

"ಹೇಳು, ಹುಡುಕ್ತೀನಿ."

"ಹೇಳೋಕೆ ಬರಲ್ಲ ಕಣೇ. ಕೈಗೆ ಗೊತ್ತು ಅದು."

ನವೆಂಬರಿನ ಆ ದಿನ, ಹಗ್ಗದ ತುದಿಯಲ್ಲಿ ಬೂದಿಬಣ್ಣಕ್ಕೆ ತಿರುಗಿದ್ದ ಅವನ ಮುಖವನ್ನು ಮೇಲಿನಿಂದ ನೋಡಿದ್ದು ಅವಳೇ. ಇನ್ನೊಮ್ಮೆ ಹಾಗೆ ನೋಡಲಾರೆ ಎಂದೇ ಬೀಗ ಹಾಕಿದ್ದು. ಮುಂದಿನ ಅಲೆ ಮೀನಖಂಡಕ್ಕೆ ಬಂತು. ಅವಳು ಚೀಲದ ಜಿಪ್ ಎಳೆದು, ಹಗ್ಗದ ಸುರುಳಿಯನ್ನು ತಂದೆಯ ಹೆಗಲಿಗೆ ತಾನೇ ಅಡ್ಡಲಾಗಿ ಹಾಕಿದಳು.

ಅವನು ಬೂಟು ಬಿಚ್ಚಿ, ಎರಡನ್ನೂ ಕಟ್ಟಿ ಕತ್ತಿಗೆ ನೇತುಹಾಕಿಕೊಂಡು, ಬರಿಗಾಲಲ್ಲಿ ಹತ್ತತೊಡಗಿದ. ಮೊದಲ ಐದು ಗುಳಿ ಸರಾಗವಾಗಿ ಹೋದವು. ಆರನೆಯದು ಪಾಚಿಗಟ್ಟಿತ್ತು. ಎಡಗಾಲು ಜಾರಿ ಮಂಡಿ ಕಲ್ಲಿಗೆ ಬಡಿದ ಸದ್ದು ಕೆಳಗಿದ್ದವರಿಗೆ ಕೇಳಿಸಿತು. ಅವನು ಹಾಗೇ ಗೋಡೆಗೆ ಕೆನ್ನೆ ಅಂಟಿಸಿಕೊಂಡು ನಿಂತುಬಿಟ್ಟ. ಎಲ್ವೀರಾ ಎರಡೂ ಕೈ ಮೇಲೆತ್ತಿಕೊಂಡು ಕೆಳಗೆ ನಿಂತಿದ್ದಳು, ಎಪ್ಪತ್ತೊಂದು ವರ್ಷದ ಗಂಡಸು ಬಿದ್ದರೆ ಆ ಕೈಗಳಿಂದ ಏನಾಗುತ್ತಿತ್ತೋ ದೇವರಿಗೇ ಗೊತ್ತು.

"ಅಪ್ಪ, ಇಳಿದುಬಿಡು. ಬೇರೆ ಏನಾದ್ರೂ ಮಾಡೋಣ."

"ಬಾಯಿ ಮುಚ್ಚು. ಉಸಿರು ತಗೊಳ್ತಿದ್ದೀನಿ."

ಮತ್ತೆ ಹತ್ತಿದ. ಜಗಲಿಯ ಅಂಚಿಗೆ ಎದೆ ಹಾಕಿ ತೆವಳಿ, ಕಣ್ಣಿಗೆ ಮರೆಯಾದ. ಮಣ್ಣು, ಹೆಂಟೆ, ಒಂದು ಕಲ್ಲು ಮೇಲಿಂದ ಬಿದ್ದವು. ನೀರು ಮಂಡಿ ಮುಟ್ಟಿತು. ಆಮೇಲೆ ಕಬ್ಬಿಣಕ್ಕೆ ಕಲ್ಲು ಬಡಿದ ಟಣ್ ಎಂಬ ಸದ್ದು ಕೇಳಿತು. ಹಗ್ಗ ಇಳಿದು ಬಂತು. ಮೊಳಕ್ಕೊಂದು ಗಂಟು, ತುದಿಯಲ್ಲಿ ಸೊಂಟಕ್ಕೆ ಕಟ್ಟುವ ಕುಣಿಕೆ.

ಲೊರೆನ್ಸು ಒಂಟಿ ಬೂಟಿನಲ್ಲಿ ಹತ್ತಿದ. ಫಿಲಿಪಾ ಅಳುತ್ತಲೇ ಹತ್ತಿದಳು. ದೋನಾ ಒತೀಲಿಯಾರ ಸರದಿ ಬಂದಾಗ ಅವರು ಕುಣಿಕೆಯನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟರು.

"ನನ್ನ ತೂಕ ಇದು ತಡೆಯಲ್ಲ."

"ಏನಮ್ಮಾ ನಿಮ್ಮ ತೂಕ?" ಜಗಲಿಯಿಂದ ಜೆಫೆರಿನೊನ ತಲೆ ಕಾಣಿಸಿತು. "ಇದರಲ್ಲಿ ಎರಡು ಸಲ ಎಮ್ಮೆ ಎತ್ತಿದ್ದೀನಿ."

"ಎಮ್ಮೆ ಬದುಕಿತಾ?"

"ಒಂದು ಬದುಕಿತು. ಬನ್ನಿ, ಬನ್ನಿ."

ನಮ್ಮ ಅಲೆಂತೆಜೊ ಸೀಮೆಯಲ್ಲಿ ಎಮ್ಮೆ ಎಲ್ಲಿಂದ ಬರಬೇಕು! ಆದರೆ ಆ ಹೊತ್ತಿಗೆ ಯಾರೂ ಕೇಳಲಿಲ್ಲ. ದೋನಾ ಒತೀಲಿಯಾ ಕಣ್ಣು ಮುಚ್ಚಿ, ತಮಗೆ ಗೊತ್ತಿದ್ದ ಸಂತರನ್ನೆಲ್ಲ ಗಟ್ಟಿಯಾಗಿ ಕರೆಯುತ್ತ, ಮೇಲಿನ ಮೂವರ ಎಳೆತಕ್ಕೆ ಸಿಕ್ಕಿ ಮೇಲೆ ಹೋದರು. ಹುಲ್ಲಿನ ಟೋಪಿ ನೀರು ಸೇರಿತು. ಎಲ್ವೀರಾ ಕೊನೆಯವಳು. ಕುಣಿಕೆ ಅವಳಿಗೆ ಬರುವಷ್ಟರಲ್ಲಿ ಅಲೆ ತೊಡೆ ದಾಟಿ ಅವಳನ್ನು ಒಂದು ಸಲ ಗೋಡೆಗೆ ಒತ್ತಿ ಬಿಟ್ಟಿತ್ತು.

ಕೊರಕಲು ಹತ್ತಿ ಮೇಲಿನ ಬಯಲಿಗೆ ಬಂದಾಗ ಎಲ್ಲರೂ ಹಾಗಹಾಗೇ ನೆಲದ ಮೇಲೆ ಬಿದ್ದುಕೊಂಡರು. ಕೆಳಗೆ ಅವರು ನಿಂತಿದ್ದ ಜಾಗದಲ್ಲಿ ಬರೀ ನೀರು ಕಾಣುತ್ತಿತ್ತು. ಜೆಫೆರಿನೊ ಕೂತು ಹಗ್ಗ ಸುತ್ತುತ್ತಿದ್ದ. ಅವನ ಮಂಡಿ ಬಾತುಕೊಂಡು ಪ್ಯಾಂಟು ಬಿಗಿಯಾಗಿತ್ತು. ಎಲ್ವೀರಾ ಹೋಗಿ ಪಕ್ಕದಲ್ಲಿ ಕೂತಳು. ಅವಳಿಗೆ ಅವನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂದಿತ್ತು, ಹೇಗೆ ಹೇಳಬೇಕೋ ಗೊತ್ತಿರಲಿಲ್ಲ.

"ಇಟ್ಕೋ," ಎಂದಳು. "ನಿನ್ನದೇ. ಇನ್ಮೇಲೆ ನಾನು ಕೇಳಲ್ಲ."

ಅವನು ತಲೆಯಾಡಿಸಿದ. ಸುರುಳಿಗೆ ಕೊನೆಯ ಸುತ್ತು ಹಾಕಿ ಕೇಳಿದ. "ಹೊತ್ತು ಹೇಗೆ ತಪ್ಪಿತು?"

"ಎರ್ಮೀನಿಯಾ ಬೇರೆ ದಿನದ್ದು ನೋಡಿ ಬರೆದಿರಬೇಕು."

"ಹಾಗೇ ಇರಬೇಕು."

ಊರಿಗೆ ನಿಧಾನವಾಗಿ ವಾಪಸಾದರು. ಲೊರೆನ್ಸು ಬೂಟಿಲ್ಲದ ಕಾಲಿಗೆ ಹೆಂಡತಿಯ ಶಾಲು ಸುತ್ತಿಕೊಂಡಿದ್ದ. ಹೋಟೆಲಿಗೆ ಬಂದಾಗ ಮೂರು ಗಂಟೆ, ಊಟದವರು ಎದ್ದುಹೋಗಿದ್ದರು. ಜೆಫೆರಿನೊ ಒಳಗೆ ಬಂದವನು ಕೂರಲಿಲ್ಲ, ನೇರ ಕರಿಹಲಗೆಯ ಮುಂದೆ ಹೋಗಿ ನಿಂತ. ಎಲ್ವೀರಾ ಹಿಂದೆಯೇ ಬಂದಳು.

ಅಂಕಿ ಅವನು ಹೇಳಿದ್ದೇ. ಹತ್ತೂ ಇಪ್ಪತ್ತೈದು. ಅದರ ಕೆಳಗೆ ಎರ್ಮೀನಿಯಾಳ ದುಂಡು ಅಕ್ಷರದಲ್ಲಿ ಒಂದು ಸಾಲು ಇತ್ತು. ‘ಈ ವರ್ಷದಿಂದ ಹೊಸ ಗಂಟೆ ನಾನೇ ಸೇರಿಸಿ ಬರೆದಿದ್ದೇನೆ, ಯಾರೂ ಮತ್ತೆ ಸೇರಿಸಬೇಡಿ.’ ಎಲ್ವೀರಾ ಅದನ್ನು ಎರಡು ಸಲ ಓದಿದಳು. ಬೆಳಿಗ್ಗೆ ಬಾಟಲಿ ತುಂಬಿಸುತ್ತ ತಾನು ಹೇಳಿದ ಮಾತು ಅವಳ ಕಿವಿಯಲ್ಲಿ ಕೇಳಿಸಿತು.

"ದಿನ ಸರಿಯಾಗೇ ಇದೆ. ಮೇಲೆ ಇಪ್ಪತ್ತೊಂಬತ್ತು ಅಂತ ಹಾಕಿದಾಳೆ," ಎಂದ ಜೆಫೆರಿನೊ. ಬೆರಳು ಕೆಳಗಿಳಿಯಿತು. "ಇದೇನೋ ಬರೆದಿದಾಳಲ್ಲ. ಬೆಳಿಗ್ಗೇನೂ ಇತ್ತು. ಏನದು?"

"ಅದಾ? ಇವತ್ತು ಆಕ್ಟೋಪಸ್ ಅನ್ನ ಇದೆಯಂತೆ."

ಅವನು ಅವಳ ಮುಖ ನೋಡಿದ. ಹಲಗೆ ನೋಡಿದ. ಹೋಗಿ ಮೇಜಿನ ಮುಂದೆ ಕೂತು, ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡ.

ಎರ್ಮೀನಿಯಾ ರೊಟ್ಟಿ, ಆಲಿವ್, ವೈನು ತಂದಿಟ್ಟಳು. "ಏನು ಕೊಡ್ಲಿ ಜೆಫೆರಿನೊ ಮಾವ?"

"ಆಕ್ಟೋಪಸ್ ಅನ್ನ."

"ಯಾವ ಆಕ್ಟೋಪಸ್ಸು? ಈ ವಾರ ಸಮುದ್ರ ಯಾರನ್ನ ಹತ್ತಿರ ಬಿಟ್ಟಿದೆ? ಬೆಳ್ಳುಳ್ಳಿ ಸಾರಲ್ಲಿ ರೊಟ್ಟಿ ನೆನೆಸಿ ಕೊಡ್ತೀನಿ, ಮೇಲೊಂದು ಮೊಟ್ಟೆ ಒಡೆದು ಹಾಕ್ತೀನಿ."

ಎಲ್ವೀರಾ ರೊಟ್ಟಿ ಮುರಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಅದೇ ಕೊಡು," ಎಂದ ಜೆಫೆರಿನೊ.

ದೋನಾ ಒತೀಲಿಯಾ ಲೋಟ ಎತ್ತಿದರು. ಕೂದಲು ಉಪ್ಪಿಗೆ ಅಂಟಿಕೊಂಡು ನಿಂತಿತ್ತು, ಕಣ್ಣು ತುಂಬಿತ್ತು. "ಈ ಯಜಮಾನರು ಇಲ್ದಿದ್ರೆ ಇವತ್ತು ನಾವು ಇಲ್ಲಿ ಕೂತಿರ್ತಿರ್ಲಿಲ್ಲ." ಲೊರೆನ್ಸುವೂ ಫಿಲಿಪಾಳೂ ಲೋಟ ಎತ್ತಿದರು. ಜೆಫೆರಿನೊ ತನ್ನ ಲೋಟ ಮುಟ್ಟಲಿಲ್ಲ. ಸಾರು ಬಂತು. ಅರ್ಧ ತಿಂದು ಚಮಚ ಕೆಳಗಿಟ್ಟ. ತೊಡೆಯ ಮೇಲಿನ ಹಗ್ಗವನ್ನು ಎತ್ತಿ ಪಕ್ಕದಲ್ಲಿ ಕೂತಿದ್ದ ಮಗಳ ಮಡಿಲಲ್ಲಿ ಇಟ್ಟ.

"ಅಪ್ಪ, ನಾನು ಕೊಟ್ಟಾಯ್ತಲ್ಲ."

"ಒದ್ದೆಯಾಗಿದೆ," ಎಂದ. "ಹೀಗೇ ಡಿಕ್ಕಿಯಲ್ಲಿ ಹಾಕಬೇಡ, ಕೊಳೆಯುತ್ತೆ. ಮೊದಲು ಬಿಸಿಲಿಗೆ ಹಾಕು."

ಅವಳು ಇನ್ನೇನೋ ಹೇಳಲು ಹೊರಟಳು. ಅವನು ಮತ್ತೆ ಚಮಚ ತೆಗೆದುಕೊಂಡ. ಅವಳು ಎದ್ದು ಹೊರಗೆ ಹೋದಳು.

ಹೋಟೆಲಿನ ಮುಂದಿನ ಸುಣ್ಣದ ಗೋಡೆಗೆ ಇನ್ನೂ ಬಿಸಿಲಿತ್ತು. ಎಲ್ವೀರಾ ಹಗ್ಗವನ್ನು ಅದರ ಮೇಲೆ ಉದ್ದಕ್ಕೆ ಹರಡಿದಳು. ತುದಿಯಿಂದ ನೀರು ತೊಟ್ಟಿಕ್ಕಿ ಕಲ್ಲಿನ ಮೇಲೆ ಬೀಳುತ್ತಿತ್ತು. ತಿರುಗಿ ನೋಡಿದರೆ ಕಿಟಕಿ ಗಾಜಿನ ಹಿಂದೆ ಅಪ್ಪ ಬೆರಳು ತಿರುಗಿಸುತ್ತ ಏನೋ ತೋರಿಸುತ್ತಿದ್ದ. ಗಂಟು ಬಿಚ್ಚಿ ಹಾಕು ಎಂದು. ಅವಳು ಬಗ್ಗಿ, ಉಪ್ಪುನೀರಿಗೆ ಬಿಗಿದುಕೊಂಡಿದ್ದ ಗಂಟುಗಳನ್ನು ಉಗುರಿನಿಂದ ಒಂದೊಂದಾಗಿ ಬಿಚ್ಚತೊಡಗಿದಳು.